ಒಂದೇ ಮನೆ, ಎರಡು ವಯಸ್ಸು

"ಈ ಮರದ ಮನೆ ಇನ್ನೆಷ್ಟು ವರ್ಷ ಬಾಳಿಕೆ ಬರುತ್ತೆ? ಅದೊಂದು ಹೇಳಿ ಸಾಕು."

2022ರ ಮೇ ತಿಂಗಳು. ಸಾಗರ ತಾಲ್ಲೂಕಿನ ಒಂದು ಹಳ್ಳಿ ಮನೆಯ ಜಗುಲಿಯಲ್ಲಿ ಕೂತಿದ್ದೆವು. ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯವರು ಕೇಳಿದ ಪ್ರಶ್ನೆ ಇದು. ಹಳೇ ಮನೆಗಳ ರಿಪೇರಿ ನನ್ನ ಕಸುಬು. ಎದ್ದು ಹೋಗಿ ಹಿಂದಿನ ಸಾಲಿನ ಒಂದು ಮುಂಡಿಗೆಯ (ಮರದ ಕಂಬದ) ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದೆ. ಹಿಡಿಯವರೆಗೂ ಒಳಗೆ ಹೋಯಿತು. "ಹತ್ತು ವರ್ಷ ಅಂದುಕೊಳ್ಳಿ" ಎಂದುಬಿಟ್ಟೆ.

ಆ ಉತ್ತರ ತಪ್ಪಾಗಿತ್ತು. ಹೇಗೆ ತಪ್ಪಿತು ಅಂತ ಬರೆದರೆ ಇಂಥದ್ದೇ ಮನೆ ಇರುವವರಿಗೆ ಉಪಯೋಗವಾದೀತು ಅನ್ನಿಸಿತು. ಮನೆಯವರು ಒಪ್ಪಿದ್ದಾರೆ. ಊರು, ಹೆಸರು, ಗುರುತು ಸಿಗುವಂಥ ಕೆಲವು ವಿವರ ಬಿಟ್ಟಿದ್ದೇನೆ.

ಮನೆ

ಮುಂದಿನ ಅರ್ಧ 1962ರಲ್ಲಿ ಎದ್ದ ತೊಟ್ಟಿ ಮನೆ. ಜಗುಲಿ, ನಡುಮನೆ, ತೊಟ್ಟಿಯ ಸುತ್ತ ಹನ್ನೆರಡು ಮುಂಡಿಗೆ, ಮೇಲೆ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಮುಂಡಿಗೆಗಳು ಹಲಸಿನವು. ತೊಲೆಗಳು ಮತ್ತಿ ಮತ್ತು ನಂದಿ. ತಲೆಬಾಗಿಲ ದಾರಂದ ಬೀಟೆಯದು. ಗೋಡೆ ಮಣ್ಣಿನದಾದರೂ ಮಾಡಿನ (ಛಾವಣಿಯ) ಭಾರ ಅದರ ಮೇಲಿಲ್ಲ. ಭಾರ ಹೊರುವುದು ಮುಂಡಿಗೆ ಮತ್ತು ತೊಲೆ. ಒಂದು ಕಡೆ ಗೋಡೆ ಬಿದ್ದರೂ ಮಾಡು ನಿಂತೇ ಇರುತ್ತದೆ.

ಹಿಂದಿನ ಅರ್ಧ 1988ರಲ್ಲಿ ಸೇರಿಸಿದ್ದು. ಅಡುಗೆಮನೆ, ಬಚ್ಚಲು, ಎರಡು ಕೋಣೆ. ಸುಟ್ಟ ಇಟ್ಟಿಗೆಯ ಗೋಡೆ, ಸಿಮೆಂಟ್ ಗಾರೆ, ಮೇಲೆ ಆರ್‌ಸಿಸಿ ತಾರಸಿ. ಆಗ ಊರಿನಲ್ಲಿ ತಾರಸಿ ಇದ್ದ ಮನೆ ಇದೊಂದೇ ಆಗಿತ್ತಂತೆ. ಅದನ್ನು ಹೇಳುವಾಗ ಹಿರಿಯವರ ಮುಖದಲ್ಲಿ ಈಗಲೂ ಸ್ವಲ್ಪ ಹೆಮ್ಮೆ ಕಾಣುತ್ತದೆ.

2005ರಲ್ಲಿ ಇನ್ನೊಂದು ಕೆಲಸ ನಡೆಯಿತು. ಇಟ್ಟಿಗೆ ಮನೆಯ ನೆಲ ಮರದ ಮನೆಯ ನೆಲಕ್ಕಿಂತ ಒಂದು ಮೆಟ್ಟಿಲು ಎತ್ತರ ಇತ್ತು. ಅಜ್ಜಿ ಅಲ್ಲಿ ಎಡವಿ ಬಿದ್ದರು. ಕೈ ಮುರಿಯಿತು. ಆಮೇಲೆ ಮರದ ಮನೆಯ ನೆಲಕ್ಕೆ ಎಂಟು ಇಂಚು ಜಲ್ಲಿ, ಮಣ್ಣು ತುಂಬಿ, ಕಾಂಕ್ರೀಟ್ ಹಾಕಿ, ಟೈಲ್ಸ್ ಕೂರಿಸಿ ಎರಡನ್ನೂ ಸಮ ಮಾಡಿದರು. ಯಾರೇ ಇದ್ದರೂ ಹಾಗೇ ಮಾಡುತ್ತಿದ್ದರು, ಅಲ್ವಾ? ಅದೇ ವರ್ಷ ಮಣ್ಣಿನ ಗೋಡೆಗೂ ಸಿಮೆಂಟ್ ಗಾರೆ ಬಳಿಸಿದರು. ನೋಡಲು ನೀಟಾಯಿತು.

ತೊಂದರೆ

ನಾನು ಹೋದಾಗ ಹಿಂದಿನ ಸಾಲಿನ ನಾಲ್ಕು ಮುಂಡಿಗೆಗಳ ಬುಡ ಮೆತ್ತಗಾಗಿತ್ತು. ಅಟ್ಟದ ಮೇಲಿನ ಪಕಾಸಿಗೆ, ಅಂದರೆ ಮಾಡಿನ ಓರೆ ಮರಗಳಿಗೆ, ಕುಟ್ಟೆ ಹುಳು ಹಿಡಿದು ಹಾಸಿಗೆ ಮೇಲೆ ಹಿಟ್ಟು ಉದುರುತ್ತಿತ್ತು. ಎರಡು ಮನೆ ಸೇರುವ ಗೋಡೆ ಮೇ ತಿಂಗಳಲ್ಲೂ ತಣ್ಣಗೆ, ಒದ್ದೆಯಾಗಿತ್ತು. ಅಣ್ಣತಮ್ಮಂದಿರ ತೀರ್ಮಾನ ಹೆಚ್ಚುಕಮ್ಮಿ ಆಗಿಹೋಗಿತ್ತು. ಮರದ ಮನೆ ಬಿಚ್ಚುವುದು, ಆ ಜಾಗದಲ್ಲಿ ಎರಡಂತಸ್ತಿನ ಕಾಂಕ್ರೀಟ್ ಮನೆ ಎಬ್ಬಿಸುವುದು.

ಇಟ್ಟಿಗೆ ಅರ್ಧವನ್ನು ನೋಡಿ ಅಂತ ಯಾರೂ ಹೇಳಲಿಲ್ಲ. ನಾನೂ ನೋಡಲಿಲ್ಲ. ಅದು 'ಗಟ್ಟಿ ಮನೆ'. ಆದರೆ ಅದರ ತಾರಸಿ ಸೋರುತ್ತಿದೆ ಅಂತ 2011ರಲ್ಲೇ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ್ದರು. ಮಲೆನಾಡಿನಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕು ತಿಂಗಳ ಮಳೆಗೆ ತಾರಸಿ ಮನೆಗೂ ಕೊನೆಗೊಂದು ಮಾಡು ಬೇಕೇ ಆಗುತ್ತದೆ.

ನನ್ನ ಮೊದಲ ಔಷಧ

ಹೊಸ ಮನೆಗೆ ದುಡ್ಡು ಹೊಂದಿಸಲು ಇನ್ನೆರಡು ವರ್ಷ ಬೇಕಿತ್ತು. ಅಲ್ಲಿವರೆಗೆ ತಡೆದರೆ ಸಾಕು ಅಂದರು. ನಾನು ಸುಲಭದ ದಾರಿ ಹಿಡಿದೆ. ಮುಂಡಿಗೆ ಬುಡದ ಕೊಳೆತ ಭಾಗ ಕೆತ್ತಿ ತೆಗೆಸಿದೆ. ಸುತ್ತ ಗೆದ್ದಲಿನ ಔಷಧ ಹಾಕಿಸಿದೆ. ಖಾಲಿಯಾದ ಜಾಗಕ್ಕೆ ಕಾಂಕ್ರೀಟ್ ತುಂಬಿ, ಒಂದಡಿ ಎತ್ತರದವರೆಗೆ ಸಿಮೆಂಟಿನ ಪಟ್ಟಿ ಕಟ್ಟಿಸಿದೆ. ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಬಿಲ್ಲು ಕೊಟ್ಟು ಬಂದೆ.

ಅಕ್ಟೋಬರಿನಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಸಿಮೆಂಟ್ ಪಟ್ಟಿಯ ಮೇಲಂಚಿನಲ್ಲಿ ಹೊಸದಾಗಿ ಮರ ಮೆತ್ತಗಾಗಿತ್ತು. ಈ ಸಲ ಮರದ ತೇವ ಅಳೆಯುವ ಮೀಟರ್ ಒಯ್ದಿದ್ದೆ. ಮೇ ತಿಂಗಳಲ್ಲೇ ಒಯ್ಯಬೇಕಿತ್ತು. ಪಟ್ಟಿಯ ಹತ್ತಿರ 34 ಪರ್ಸೆಂಟ್. ಅದೇ ಮುಂಡಿಗೆಯಲ್ಲಿ ಮೂರಡಿ ಮೇಲೆ 15. ಮರದಲ್ಲಿ ತೇವ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. 30ರ ಸುತ್ತಮುತ್ತ ನಿಂತರೆ ಅದಕ್ಕೆ ಹಬ್ಬ. ನಾನು ಕಟ್ಟಿಸಿದ ಪಟ್ಟಿ ಕೆಳಗಿನಿಂದ ನೀರು ಹೀರಿ, ಮರಕ್ಕೆ ಅಂಟಿಸಿ, ಒಣಗಲು ಬಿಡದೆ ಹಿಡಿದಿಟ್ಟಿತ್ತು. ಐದು ತಿಂಗಳಲ್ಲಿ ನಾನು ಮಾಡಿದ ಹಾನಿ ಹಿಂದಿನ ಐದು ವರ್ಷಕ್ಕಿಂತ ಜಾಸ್ತಿ ಇರಬೇಕು.

ಒಂದು ವಿಷಯ ಮಾತ್ರ ಆಗ ಹೊಳೆಯಿತು. ಮುಂಡಿಗೆ ಮುದುಕಾಗಿದ್ದರೆ ಮೂರಡಿ ಮೇಲೂ ಮುದುಕಾಗಿರಬೇಕಿತ್ತು. ಅಲ್ಲಿ ಮೊಳೆ ಹೊಡೆದರೆ ಬಗ್ಗುತ್ತಿತ್ತು. ವಯಸ್ಸು ಒಂದೇ, ಮರ ಒಂದೇ. ಬೇರೆಯಾಗಿದ್ದದ್ದು ನೀರು.

ಆಚಾರಿ ನೆಲ ಅಗೆದಾಗ

ಸೋತ ಮೇಲೆ ಒಬ್ಬ ಹಿರಿಯ ಆಚಾರಿಯನ್ನು ಕರೆದೆ. ಅವರು ಮುಂಡಿಗೆ ಮುಟ್ಟಲೇ ಇಲ್ಲ. ಮೊದಲು ಟೈಲ್ಸ್ ಎಬ್ಬಿಸಿ ಎಂದರು. ಅಗೆದಾಗ ಕೆಳಗೆ ಅಡಿಗಲ್ಲು ಸಿಕ್ಕಿತು. ಚೆಂದಕ್ಕೆ ಕೆತ್ತಿದ, ಆರು ಇಂಚು ಎತ್ತರದ ಕಲ್ಲು. 1962ರಲ್ಲಿ ಮುಂಡಿಗೆ ನಿಂತದ್ದು ಆ ಕಲ್ಲಿನ ಮೇಲೆ, ನೆಲಕ್ಕೆ ತಾಗದ ಹಾಗೆ. ಎಂಟು ಇಂಚು ನೆಲ ಏರಿದಾಗ ಕಲ್ಲೂ ಮುಳುಗಿತು, ಮರವೂ ಎರಡು ಇಂಚು ಮುಳುಗಿತು. ಆಚಾರಿ ಹೇಳಿದ್ದು ಇಷ್ಟೇ: "ಕಂಬಕ್ಕೆ ಚಪ್ಪಲಿ ಹಾಕಿ ನಿಲ್ಲಿಸಿದ್ರು. ನೀವು ಚಪ್ಪಲಿ ಸಮೇತ ಕೆಸರಿಗೆ ಇಳಿಸಿದ್ದೀರಿ."

ಆದರೆ ಹೂತದ್ದು ಹನ್ನೆರಡೂ ಮುಂಡಿಗೆ. ಕೊಳೆತದ್ದು ನಾಲ್ಕೇ. ಇದು ನನ್ನನ್ನು ಎರಡು ದಿನ ಕಾಡಿತು. ಮುಂದಿನ ಸಾಲಿನ ಬುಡ ಬಿಡಿಸಿದರೆ ಕಪ್ಪು ಕಲೆ ಇತ್ತು, ಒಳಗೆ ಕೆಚ್ಚು (ಮರದ ನಡುವಿನ ಬಲಿತ ಭಾಗ) ಕೆಂಪಗೆ, ಗಟ್ಟಿಯಾಗಿತ್ತು. ಹಾಗಾದರೆ ಹಿಂದಿನ ಸಾಲಿಗೆ ಮಾತ್ರ ಎಲ್ಲಿಂದ ಬರುತ್ತಿತ್ತು ಇಷ್ಟು ನೀರು?

ಉತ್ತರ ಮಾಡಿನ ಮೇಲಿತ್ತು. 1988ರಲ್ಲಿ ತಾರಸಿ ಸೇರಿಸುವಾಗ ಮರದ ಮನೆಯ ಹಿಂದಿನ ಸೂರನ್ನು ಮೂರಡಿ ಕತ್ತರಿಸಿದ್ದರು. ಹೆಂಚಿನ ಮಾಡಿನ ನೀರೆಲ್ಲ ಎರಡು ಮನೆಯ ನಡುವಿನ ಒಂದು ಸಿಮೆಂಟ್ ಕಾಲುವೆಗೆ ಬೀಳಬೇಕು, ಅಲ್ಲಿಂದ ಪಕ್ಕಕ್ಕೆ ಹರಿಯಬೇಕು. ಲೆಕ್ಕ ಸರಿಯೇ. ಆದರೆ ಮೊದಲ ಮಳೆಗೇ ಹಲಸಿನ ಎಲೆ ಬಿದ್ದು ಕಾಲುವೆ ಕಟ್ಟಿಕೊಳ್ಳುತ್ತಿತ್ತು. ನೀರು ತುಂಬಿ ಗೋಡೆಯೊಳಗೆ ಇಳಿಯುತ್ತಿತ್ತು. ಮೊದಲ ಹದಿನೇಳು ವರ್ಷ ಹಾಗೆ ಇಳಿದ ನೀರು ಮಣ್ಣಿನ ಗೋಡೆಯಲ್ಲಿ ಹರಡಿ, ಬೇಸಿಗೆಯಲ್ಲಿ ಒಣಗುತ್ತಿತ್ತು. 2005ರಲ್ಲಿ ಸಿಮೆಂಟ್ ಗಾರೆ ಬಂದ ಮೇಲೆ ಹೊರಗೆ ಹೋಗಲು ದಾರಿಯಿಲ್ಲ. ಅದು ಕೆಳಗಿಳಿದು, ಹೊಸದಾಗಿ ತುಂಬಿದ ಜಲ್ಲಿಯಲ್ಲಿ ನಿಂತು, ಹತ್ತಿರದ ನಾಲ್ಕು ಮುಂಡಿಗೆಗೆ ಉಣಿಸುತ್ತಿತ್ತು.

ಮರ ಕೊಳೆಯಲು ಇಟ್ಟಿಗೆ ಮನೆ ಕಾರಣ ಅಂದರೆ ಅನ್ಯಾಯವಾಗುತ್ತದೆ. ಎರಡೂ ಬೇರೆ ಬೇರೆ ಇದ್ದಿದ್ದರೆ ಎರಡೂ ಚೆನ್ನಾಗಿರುತ್ತಿದ್ದವು. ಕೆಟ್ಟದ್ದು ಅವು ಸೇರಿದ ಗೆರೆ.

ಕುಟ್ಟೆಯ ಕಥೆಯೂ ಹತ್ತಿರ ಹತ್ತಿರ ಹೀಗೇ. ಹಿಟ್ಟು ಉದುರಿಸುತ್ತಿದ್ದದ್ದು ಹೆಚ್ಚಾಗಿ ತೊಂಬತ್ತರ ದಶಕದಲ್ಲಿ ಬದಲಿಸಿದ ಪಕಾಸುಗಳು. ಎಳೇ ಮರ, ತುಂಬ ಬಿಳಿ ಭಾಗ. ಕುಟ್ಟೆ ಹುಳುವಿಗೆ ಬೇಕಾಗುವುದು ಆ ಬಿಳಿ ಭಾಗದ ಪಿಷ್ಟ. ಹಳೇ ಪಕಾಸುಗಳಲ್ಲಿ ಒಂದು ಬೆರಳಿನಷ್ಟು ಹೊರಗೆ ಹಿಟ್ಟಾಗಿ, ಒಳಗೆ ಕೆಚ್ಚು ಹಾಗೇ ಇತ್ತು. ಜೊತೆಗೆ 1988ರಲ್ಲಿ ಒಲೆ ಹಿಂದಕ್ಕೆ ಹೋದ ಮೇಲೆ ಅಟ್ಟಕ್ಕೆ ಹೊಗೆ ಹತ್ತುವುದು ನಿಂತಿತ್ತು. ಹೊಗೆ ಆ ಮಾಡನ್ನು ಒಣಗಿಸಿ ಇಡುತ್ತಿತ್ತು. ಹಾಗಂತ ಯಾರಿಗೂ ಈಗ ಹೊಗೆಯಲ್ಲಿ ಅಡುಗೆ ಮಾಡಿ ಅಂತ ಹೇಳಲಾರೆ.

ಆಚಾರಿ ಇನ್ನೊಂದು ತೋರಿಸಿದರು. ಮುಂಡಿಗೆಗಳ ಮೇಲ್ಭಾಗದಲ್ಲಿ ಅಲ್ಲಲ್ಲಿ ಚೌಕದ ತೂತುಗಳಿದ್ದವು. ತೊಲೆಯ ನಾಲಿಗೆ ಕೂರಿಸಲು ಮಾಡುವಂಥವು. ಆದರೆ ಯಾವ ತೊಲೆಯೂ ಅಲ್ಲಿ ಸೇರಿರಲಿಲ್ಲ. ಕೆಲವಕ್ಕೆ ಮರದ ತುಂಡು ಬಡಿದು ಮುಚ್ಚಿದ್ದರು. "ಇದು ಬೇರೆ ಮನೆಯ ಕಂಬ" ಎಂದರು ಆಚಾರಿ.

ಅಲ್ಲಿವರೆಗೆ ಸುಮ್ನೆ ಕೂತಿದ್ದ ಅಜ್ಜಿ ಮಾತಾಡಿದ್ದು ಆಗ. ಅವರ ಗಂಡನ ಮನೆ ಶರಾವತಿ ದಂಡೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಮುಳುಗುತ್ತದೆ ಅಂತ ಗೊತ್ತಾದ ಮೇಲೆ ಎರಡು ವರ್ಷ ಮೊದಲೇ ಮನೆ ಬಿಚ್ಚಿದರು. ಹೆಂಚು, ತೊಲೆ, ಮುಂಡಿಗೆ, ಬಾಗಿಲು ಎಲ್ಲವನ್ನೂ ಎತ್ತಿನ ಗಾಡಿಯಲ್ಲಿ ತಂದು ಇಲ್ಲಿ ನಿಲ್ಲಿಸಿದರು. ಮಣ್ಣಿನ ಗೋಡೆ ಅಲ್ಲೇ ನೀರು ಪಾಲಾಯಿತು. ಅಜ್ಜಿ ಮದುವೆಯಾಗಿ ಹೋದಾಗಲೇ ಆ ಮನೆ ಹಳೆಯದಂತೆ. ಅವರ ಮಾವ ಹುಟ್ಟಿದ್ದು ಅದರಲ್ಲೇ. ಅಂದರೆ ನಾನು 'ಅರವತ್ತು ವರ್ಷದ ಮುಂಡಿಗೆ' ಅಂತ ಬರೆದುಕೊಂಡಿದ್ದ ಮರಕ್ಕೆ ನೂರು ಯಾವಾಗಲೋ ದಾಟಿತ್ತು. ಒಂದು ಮನೆಯ ಬಾಳು ಮುಗಿಸಿ ಎರಡನೆಯದಕ್ಕೆ ಬಂದಿತ್ತು. ಮೊಮ್ಮಕ್ಕಳಿಗೆ ಊರು ಮುಳುಗಿದ ಕಥೆ ಗೊತ್ತಿತ್ತು, ಈ ಮುಂಡಿಗೆಗಳೇ ಅಲ್ಲಿಂದ ಬಂದವು ಅನ್ನುವುದು ಗೊತ್ತಿರಲಿಲ್ಲ.

ಗಟ್ಟಿ ಮನೆಯ ಗತಿ

ಇಷ್ಟಾದ ಮೇಲೆ ಇಟ್ಟಿಗೆ ಅರ್ಧವನ್ನೂ ನೋಡಲೇಬೇಕಾಯಿತು. ಬಚ್ಚಲ ತಾರಸಿಗೆ ಸುತ್ತಿಗೆ ತಾಗಿಸಿದರೆ ಟೊಳ್ಳು ಸದ್ದು. ಗಾರೆ ಉದುರಿಸಿದಾಗ ಕಬ್ಬಿಣದ ಸರಳು ಕಾಣಿಸಿತು, ಕೆಲವು ಕಡೆ ಪೆನ್ಸಿಲಿನಷ್ಟು ಸಣ್ಣಗಾಗಿತ್ತು. ಸರಳಿನ ಕೆಳಗೆ ಕಾಂಕ್ರೀಟು ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ. ತಾರಸಿಗೆ ಕನಿಷ್ಠ ಎರಡು ಬೇಕು. ಕಾಂಕ್ರೀಟಿನಲ್ಲಿ ಸುಣ್ಣದ ಗುಣ ಇರುವವರೆಗೆ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಆ ಗುಣವನ್ನು ಹೊರಗಿನಿಂದ ನಿಧಾನವಾಗಿ ತಿನ್ನುತ್ತದೆ. ಅದು ಸರಳಿನವರೆಗೆ ಬಂದು, ಜೊತೆಗೆ ನೀರೂ ಸಿಕ್ಕಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ.

ಮೂವತ್ತನಾಲ್ಕು ವರ್ಷದ ತಾರಸಿ ಅದು. ಸಾಮಾನ್ಯವಾಗಿ ಇಂಥ ಮನೆ ಐವತ್ತು ವರ್ಷ ಬರಲಿ ಅಂತ ಲೆಕ್ಕ ಹಾಕಿ ಕಟ್ಟುತ್ತಾರೆ.

ಆದರೆ ಇಟ್ಟಿಗೆ ಗೋಡೆ? ಚೆನ್ನಾಗಿತ್ತು. ಬುಡದಲ್ಲಿ ತೇವ ತಡೆಯುವ ಪಟ್ಟಿ ಹಾಕಿರಲಿಲ್ಲವಾದ್ದರಿಂದ ಮೂರಡಿವರೆಗೆ ಒದ್ದೆ ಏರಿ ಬಿಳಿ ಉಪ್ಪು ಅರಳಿತ್ತು. ಗಾರೆ ಉದುರುತ್ತಿತ್ತು. ಇಟ್ಟಿಗೆ ಮಾತ್ರ ಬಡಿದರೆ ಟಣ್ ಅನ್ನುತ್ತಿತ್ತು. ಸುಟ್ಟ ಇಟ್ಟಿಗೆಯ ಬಾಳಿಕೆಗೆ ಅನುಮಾನವೇ ಬೇಡ. ಹರಪ್ಪದ ನಾಲ್ಕು ಸಾವಿರ ವರ್ಷ ಹಳೇ ಇಟ್ಟಿಗೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಲಾಹೋರ್–ಮುಲ್ತಾನ್ ರೈಲು ಹಳಿಯ ಕೆಳಗೆ ಹಾಕಲು ಕಿತ್ತು ಒಯ್ದಿದ್ದರು. ಅಷ್ಟು ಗಟ್ಟಿ ಇತ್ತು. ನಾವು 'ಇಟ್ಟಿಗೆ ಮನೆ' ಅಂತ ಕರೆಯುವುದರಲ್ಲಿ ಮೊದಲು ಸಾಯುವುದು ಅದರ ತಲೆ ಮೇಲಿನ ಕಬ್ಬಿಣ.

ತೀರ್ಮಾನ

ಈ ನಡುವೆ ಹಳೇ ಮರದ ವ್ಯಾಪಾರಿ ಬಂದ. ಮೊದಲೇ ಮಾತಾಗಿತ್ತು. ಮುಂಡಿಗೆಗಳನ್ನು ಒಂದೊಂದಾಗಿ ಬೆರಳ ಗಂಟಿನಿಂದ ತಟ್ಟಿ, ಚೀಟಿಯಲ್ಲಿ ಬರೆದುಕೊಂಡು, ಒಂದು ಮೊತ್ತ ಹೇಳಿದ. ಯಾವುದೋ ರೆಸಾರ್ಟಿಗಂತೆ. ಕೊಳೆತ ನಾಲ್ಕಕ್ಕೂ ಬೆಲೆ ಇಟ್ಟಿದ್ದ, ಬುಡ ಕತ್ತರಿಸಿದರಾಯಿತು ಅಂತ. ಅವನು ಹೋದ ಮೇಲೆ ಅಜ್ಜಿ ಕೇಳಿದರು: "ಹತ್ತು ವರ್ಷಕ್ಕೆ ಹಾಳಾಗೋ ಮರಕ್ಕೆ ಅವನ್ಯಾಕೆ ಇಷ್ಟು ದುಡ್ಡು ಕೊಡ್ತಾನೆ?" ಎಲ್ಲರೂ ನನ್ನ ಮುಖ ನೋಡಿದರು. ಹಿಂದಿನ ಅರ್ಧದ ಒಂದು ಇಟ್ಟಿಗೆಯನ್ನೂ ಅವನು ಕೇಳಿರಲಿಲ್ಲ.

ನನ್ನ ಹತ್ತು ವರ್ಷದ ಮಾತು ಅವತ್ತೇ ವಾಪಸ್ ತೆಗೆದುಕೊಂಡೆ.

ಬೆಂಗಳೂರಿನಲ್ಲಿರುವ ಕಿರಿಯ ತಮ್ಮನಿಗೆ ಇನ್ನೂ ಒಂದು ಅನುಮಾನವಿತ್ತು: ಬೆಂಕಿ. ಮೈಸೂರಿನ ಮರದ ಅರಮನೆ 1897ರಲ್ಲಿ ಮದುವೆ ಸಂಭ್ರಮದ ನಡುವೆ ಸುಟ್ಟುಹೋದದ್ದನ್ನು ನೆನಪಿಸಿದರು. ಸರಿಯಾದ ಮಾತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, 1784ರ ದರಿಯಾ ದೌಲತ್, ತೇಗದ ಕಂಬಗಳ ಮೇಲೆ ಇನ್ನೂ ನಿಂತಿದೆ ಅಂತ ನಾನು ಹೇಳಿದೆ. ಅದಕ್ಕೆ ಸುತ್ತ ಅಗಲ ಜಗುಲಿ, ಇಳಿಬಿಟ್ಟ ಸೂರು ಇದೆ, ಗೋಡೆ ಕಂಬಕ್ಕೆ ಮಳೆ ನೇರ ತಾಗುವುದಿಲ್ಲ. ಆದರೂ ಬೆಂಕಿಯ ಲೆಕ್ಕದಲ್ಲಿ ಇಟ್ಟಿಗೆಯೇ ಮೇಲು. ದಪ್ಪ ಮುಂಡಿಗೆ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಸುಟ್ಟು ಒಳಕ್ಕೆ ಹೋಗುತ್ತದೆ, ಓಡಿ ಹೊರಬರಲು ಹೊತ್ತು ಸಿಗುತ್ತದೆ. ರೀಪು, ಪಕಾಸಿನಂಥ ತೆಳು ಮರ ಹಾಗಲ್ಲ. ಆದ್ದರಿಂದ ಅಡುಗೆ ಇಟ್ಟಿಗೆ ಅರ್ಧದಲ್ಲೇ ಇರಲಿ, ಮರದ ಅರ್ಧದ ಹಳೇ ವೈರಿಂಗ್ ಪೂರ್ತಿ ಬದಲಾಗಲಿ ಅಂತ ಆಯಿತು. ತಮ್ಮ ಅಷ್ಟಕ್ಕೆ ಒಪ್ಪಿದರು.

2023ರ ಜನವರಿಯಿಂದ ಮೇವರೆಗೆ ಕೆಲಸ ನಡೆಯಿತು. ತೊಲೆಗೆ ಜಾಕಿ ಕೊಟ್ಟು ಎತ್ತಿ, ಮೂರು ಮುಂಡಿಗೆಗಳ ಬುಡ ಎರಡಡಿ ಕತ್ತರಿಸಿ, ಹಲಸಿನ ಕೆಚ್ಚಿನ ಹೊಸ ತುಂಡನ್ನು ಓರೆ ಕೂಡಿಸಿ ಬೆಣೆ ಹೊಡೆದರು. ನಾಲ್ಕನೆಯದು ಉಳಿಯಲಿಲ್ಲ. ನಾನು ಸಿಮೆಂಟ್ ಕಟ್ಟಿಸಿದವುಗಳಲ್ಲಿ ಅತಿ ಕೆಟ್ಟದ್ದು ಅದೇ. ಅದರ ಬದಲು ಮುರಿದ ಕೊಟ್ಟಿಗೆಯ ಒಂದು ಮತ್ತಿ ಕಂಬ ಬಂತು. ನೆಲವನ್ನು ಮತ್ತೆ ಎಂಟು ಇಂಚು ಇಳಿಸಿ ಅಡಿಗಲ್ಲು ಬಿಡಿಸಿದೆವು. ಹೊಸ್ತಿಲ ಹತ್ತಿರ ಮೆಟ್ಟಿಲು ವಾಪಸ್ ಬಂತು, ಅಜ್ಜಿಗೆ ಹಿಡಿದುಕೊಳ್ಳಲು ಗೋಡೆಗೆ ಒಂದು ಸರಳು. ಸಿಮೆಂಟ್ ಗಾರೆ ಕೆತ್ತಿ ಸುಣ್ಣದ ಗಾರೆ ಮಾಡಿಸಿದೆವು. ತಾರಸಿಯ ಮುಂದಿನ ಅಂಚು ಕತ್ತರಿಸಿ, ಮರದ ಮನೆಗೆ ಅದರ ಮೂರಡಿ ಸೂರು ತಿರುಗಿ ಕೊಟ್ಟೆವು. ಎರಡರ ನಡುವೆ ಈಗ ಬಯಲು. ಓಡಾಡಲು ಮಾತ್ರ ತಗ್ಗಿನಲ್ಲಿ ಒಂದು ಸಣ್ಣ ಹೆಂಚಿನ ಮಾಡು. ಬಚ್ಚಲು, ಅಡುಗೆಮನೆಯ ತಾರಸಿ ಒಡೆದು ಅಲ್ಲೂ ಹೆಂಚು ಹೊದಿಸಿದೆವು. ಇಟ್ಟಿಗೆ ಗೋಡೆ ಹಾಗೇ ಉಳಿಯಿತು. ಒಟ್ಟು ಖರ್ಚು ಹೊಸ ಮನೆಯ ಅಂದಾಜಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ.

ತಾರಸಿ ಒಡೆಯಲು ಹನ್ನೊಂದು ದಿನ ಬೇಕಾಯಿತು. ಒಡೆದದ್ದೆಲ್ಲ ಗುಂಡಿ ತುಂಬಲು ಹೋಯಿತು. ಮುಂಡಿಗೆಯ ಬುಡ ಬದಲಿಸಲು ಒಂದೊಂದಕ್ಕೆ ಎರಡು ದಿನ, ಮನೆಯವರು ಅದೇ ಮಾಡಿನ ಕೆಳಗೆ ಊಟ ಮಾಡುತ್ತಿದ್ದರು. ಮರದ ಮನೆ ಜಾಸ್ತಿ ಬಾಳುತ್ತದೋ ಇಟ್ಟಿಗೆಯದೋ ಅಂತ ಯಾರಾದರೂ ಕೇಳಿದರೆ ಈಗ ನಾನು ಮೊದಲು ಕೇಳುವುದು, ಕೆಟ್ಟ ಭಾಗವನ್ನು ಉಳಿದದ್ದು ಬೀಳದಂತೆ ತೆಗೆಯಬಹುದಾ ಅಂತ.

ಆಮೇಲೆ

2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷದ ಅಳತೆ ನಂಬಿ ಕೂರಲಿಲ್ಲ. 2024ರ ಜುಲೈ ನಿಜವಾದ ಪರೀಕ್ಷೆ. ಬಿಟ್ಟೂ ಬಿಡದೆ ಹೊಡೆಯಿತು. ಆಗಸ್ಟ್ ಮೊದಲ ವಾರ ಹೋಗಿ ಅಳೆದೆ. ನಾಲ್ಕೂ ಬುಡದಲ್ಲಿ 17ರಿಂದ 19ರೊಳಗೆ. ಮಳೆಗಾಲಕ್ಕೆ ಅದು ಒಳ್ಳೆಯ ಅಂಕಿ.

ಎಲ್ಲವೂ ಸರಿಹೋಗಿಲ್ಲ. ಹೊಸ ತುಂಡುಗಳಲ್ಲಿ ಒಂದು ಪೂರ್ತಿ ಒಣಗಿರಲಿಲ್ಲ. ಮೊದಲ ಬೇಸಿಗೆಗೆ ಕುಗ್ಗಿ ಕೂಡು ಬಾಯಿ ಬಿಟ್ಟಿತು. ಬೋಲ್ಟ್ ಹಾಕಿ ಬಿಗಿಸಬೇಕಾಯಿತು, ನೋಡಲು ಚೆಂದವಿಲ್ಲ. ಕುಟ್ಟೆ ಅಟ್ಟದ ಒಂದು ಮೂಲೆಯಲ್ಲಿ ಮತ್ತೆ ಕಾಣಿಸಿದೆ. ವರ್ಷಕ್ಕೊಮ್ಮೆ ಗೇರೆಣ್ಣೆ ಹಚ್ಚಬೇಕು, ಸೂರಿನ ಒಡೆದ ಹೆಂಚು ಬದಲಿಸಬೇಕು. ಮೂವರಲ್ಲಿ ಇಬ್ಬರು ಬೆಂಗಳೂರಿನಲ್ಲಿ. ಊರಲ್ಲಿರುವ ಹಿರಿಯವರಿಗೆ ವಯಸ್ಸಾಗುತ್ತಿದೆ. ಏಣಿ ಹತ್ತುವವರು ಯಾರು ಅನ್ನುವುದಕ್ಕೆ ನನ್ನ ರಿಪೋರ್ಟಿನಲ್ಲಿ ಉತ್ತರವಿಲ್ಲ. ಬೀಗ ಹಾಕಿದ ಮನೆಯಲ್ಲಿ ಒಂದು ಹೆಂಚು ಜಾರಿದರೆ ಇಟ್ಟಿಗೆ ಗೋಡೆ ಹತ್ತು ಮಳೆಗಾಲ ತಡೆದೀತು, ಪಕಾಸು ಮೂರು ನಾಲ್ಕು ತಡೆದರೆ ಹೆಚ್ಚು.

ಕೆಲಸ ಮುಗಿಯುವ ದಿನ ಆಚಾರಿ ಹಳೇ ಮುಂಡಿಗೆಯೊಂದರ ಬೋದಿಗೆಯ (ಕಂಬದ ತಲೆಯ ಮೇಲಿನ ಮರದ) ಕೆಳಗೆ ಟಾರ್ಚ್ ಹಿಡಿದು ಕರೆದರು. ಉಳಿಯಲ್ಲಿ ಕೊರೆದ ಕನ್ನಡ ಅಂಕಿ, ೭. ಪಕ್ಕದ್ದರಲ್ಲಿ ೮. ತೊಲೆಯ ನಾಲಿಗೆಯಲ್ಲೂ ಅದೇ ಅಂಕಿಗಳು. 1962ರಲ್ಲಿ ಬಿಚ್ಚುವಾಗ ಯಾವುದು ಎಲ್ಲಿಗೆ ಅಂತ ತಪ್ಪದಿರಲಿ ಅಂತ ಹಾಕಿದ ಗುರುತು. ಮತ್ತಿಯ ಹೊಸ ಕಂಬಕ್ಕೆ ಗುರುತು ಇರಲಿಲ್ಲ. ಅದು ನಿಂತ ಜಾಗದ್ದು ೧೧. ಆಚಾರಿ ಏಣಿ ಹತ್ತಿ, ಉಳಿ ತೆಗೆದು, ಆ ಅಂಕಿಯನ್ನು ಕೊರೆದರು. ಕಿರಿಯ ತಮ್ಮ ಕೆಳಗಿನಿಂದ ಯಾಕೆ ಅಂತ ಕೇಳಿದರು.

"ಬಿಚ್ಚುವವರಿಗೆ ಬೇಕಾಗುತ್ತೆ" ಎಂದು ಹೇಳಿ ಆಚಾರಿ ಧೂಳು ಊದಿದರು.